ಪೆಟ್ಟಿಗೆಯೊಳಗಿನ ಗಾಳಿ

ಮನೆಯಲ್ಲಿ ಸಂಗೀತ ಕೇಳುವವರು ಒಂದು ಸಂಗತಿಯನ್ನು ಗಮನಿಸಿರಬಹುದು. ಮೃದಂಗದ ಬಲಮುಖದ ನುಡಿಗಳು ಸಣ್ಣ ಸ್ಪೀಕರಿನಲ್ಲಿಯೂ ಸ್ಫುಟವಾಗಿ ಕೇಳುತ್ತವೆ; ಎಡಮುಖದ ಗುಂಕಾರ ಮಾತ್ರ ಎಲ್ಲಿಯೋ ಅಡಗಿಹೋಗುತ್ತದೆ. ದೋಷ ವಾದಕರದಲ್ಲ, ಧ್ವನಿಮುದ್ರಣದ್ದೂ ಅಲ್ಲ. ಮಂದ್ರನಾದವನ್ನು ಗಾಳಿಯಲ್ಲಿ ಎಬ್ಬಿಸುವುದೇ ಕಠಿಣವಾದ ಕೆಲಸ. ಅಮೆರಿಕದ ಅಧ್ಯಾಪಕರೊಬ್ಬರು ಈ ತೊಡಕನ್ನು ಬಿಡಿಸಿದ ಬಗೆಯನ್ನೂ ಅದಕ್ಕೆ ತೆತ್ತ ಬೆಲೆಯನ್ನೂ ಈಗ ನೋಡೋಣ.

ಇಂದಿಗೂ ಬಳಕೆಯಲ್ಲಿರುವ ಸ್ಪೀಕರಿನ ವಿನ್ಯಾಸವನ್ನು ಅಮೆರಿಕದ ಇಂಜಿನಿಯರರಾದ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ 1925ರಲ್ಲಿ ವಿವರಿಸಿದರು. ಕಾಗದದ ಒಂದು ಶಂಕು. ಅದರ ಬುಡದಲ್ಲಿ ತಂತಿಯ ಸುರುಳಿ. ಸುರುಳಿಯ ಸುತ್ತ ಅಯಸ್ಕಾಂತ. ವಿದ್ಯುತ್ತು ಹರಿದಂತೆ ಶಂಕು ಹಿಂದಕ್ಕೂ ಮುಂದಕ್ಕೂ ಆಡುತ್ತದೆ. ಶಂಕು ಮುಂದೆ ಸರಿದು ಎದುರಿನ ಗಾಳಿಯನ್ನು ಒತ್ತಿದ ಕ್ಷಣದಲ್ಲಿಯೇ ಅದರ ಬೆನ್ನ ಹಿಂದಿನ ಗಾಳಿ ವಿರಳವಾಗುತ್ತದೆ. 50 ಹರ್ಟ್ಸ್ ಕಂಪನದ ಮಂದ್ರನಾದದ ಅಲೆ ಸುಮಾರು 7 ಮೀಟರ್ ಉದ್ದ. ಅಂಗೈಯಗಲದ ಶಂಕು ಅಂತಹ ಅಲೆಗೆ ಯಾವ ತಡೆ? ಹಿಂದಿನ ಅಲೆ ಅಂಚನ್ನು ಬಳಸಿ ಬಂದು ಮುಂದಿನ ಅಲೆಯನ್ನು ಅಳಿಸಿಬಿಡುತ್ತದೆ. ಆದುದರಿಂದ ಸ್ಪೀಕರಿಗೆ ಪೆಟ್ಟಿಗೆ ಬೇಕು. ಅದು ಅಲಂಕಾರವಲ್ಲ, ವಾದ್ಯದ ಅಂಗವೇ.

ಆದರೆ ಬಿಗಿಯಾಗಿ ಮುಚ್ಚಿದ ಪೆಟ್ಟಿಗೆಯೊಳಗಿನ ಗಾಳಿ ಸ್ಪ್ರಿಂಗಿನಂತೆ ಶಂಕುವನ್ನು ತಡೆಯುತ್ತದೆ. ಪೆಟ್ಟಿಗೆ ಚಿಕ್ಕದಾದಷ್ಟೂ ತಡೆ ಬಲವಾಗುತ್ತದೆ, ಮಂದ್ರ ಸೊರಗುತ್ತದೆ. ಒಳ್ಳೆಯ ಮಂದ್ರ ಬೇಕೆಂದವರು ಹಿಂದೆ ಕಪಾಟಿನಷ್ಟು ದೊಡ್ಡ ಪೆಟ್ಟಿಗೆಗಳನ್ನು ಮನೆಯಲ್ಲಿ ಇಟ್ಟುಕೊಳ್ಳಬೇಕಾಗಿತ್ತು.

ನ್ಯೂಯಾರ್ಕ್ ವಿಶ್ವವಿದ್ಯಾನಿಲಯದಲ್ಲಿ ಧ್ವನಿಯ ಪುನರುತ್ಪಾದನೆಯನ್ನು ಬೋಧಿಸುತ್ತಿದ್ದ ಎಡ್ಗರ್ ವಿಲ್ಚರ್ ಈ ತಡೆಯನ್ನೇ ಸಹಾಯಕನನ್ನಾಗಿ ಮಾಡಿಕೊಂಡರು. ಶಂಕುವನ್ನು ಅದರ ಸ್ಥಾನಕ್ಕೆ ಮರಳಿ ತರಲು ಅಂಚಿನ ಕಟ್ಟು ಬಿಗಿಯಾಗಿಯೇ ಇರಬೇಕೆಂಬುದು ರೂಢಿಯಾಗಿತ್ತು. ಆ ಕಟ್ಟು ಹೆಚ್ಚು ಎಳೆದಾಗ ಒಂದೇ ಪ್ರಮಾಣದಲ್ಲಿ ಮರಳುವುದಿಲ್ಲ. ಅದರಿಂದಲೇ ನಾದ ವಿಕಾರವಾಗುತ್ತದೆ. ಕಟ್ಟನ್ನು ತೀರ ಸಡಿಲಗೊಳಿಸಿ, ಶಂಕುವನ್ನು ಮರಳಿ ತರುವ ಕೆಲಸವನ್ನು ಪೆಟ್ಟಿಗೆಯ ಗಾಳಿಗೇ ಒಪ್ಪಿಸಿದರೆ? ಒತ್ತಿದಷ್ಟೇ ಪ್ರಮಾಣದಲ್ಲಿ ಮರಳಿ ಒತ್ತುವ ಗುಣ ಗಾಳಿಗೆ ಹೆಚ್ಚು. ವಿಲ್ಚರ್ ತಮ್ಮ ಶಿಷ್ಯರಾಗಿದ್ದ ಹೆನ್ರಿ ಕ್ಲಾಸ್ ಅವರೊಡನೆ 1954ರಲ್ಲಿ ಮ್ಯಾಸಚೂಸೆಟ್ಸಿನ ಕೇಂಬ್ರಿಜ್‌ನಲ್ಲಿ ಅಕೌಸ್ಟಿಕ್ ರಿಸರ್ಚ್ ಎಂಬ ಸಂಸ್ಥೆಯನ್ನು ಕಟ್ಟಿದರು. ಅದರ ಮೊದಲ ಸ್ಪೀಕರು, ಎ.ಆರ್.-1, ಪುಸ್ತಕದ ಕಪಾಟಿನಲ್ಲಿ ಕೂರುವಷ್ಟು ಚಿಕ್ಕದಾಗಿದ್ದರೂ ಆಳವಾದ ಮಂದ್ರವನ್ನು ನುಡಿಸಿತು.

ಈ ಲಾಭ ಪುಕ್ಕಟೆಯಾಗಿ ಬಂದುದಲ್ಲ. ಇಂತಹ ಸ್ಪೀಕರು ತನಗೆ ಕೊಟ್ಟ ವಿದ್ಯುತ್ತಿನ ಅತ್ಯಲ್ಪ ಭಾಗವನ್ನು ಮಾತ್ರ ನಾದವಾಗಿಸುತ್ತದೆ. ಅದಕ್ಕೆ ಬಲವಾದ ಆಂಪ್ಲಿಫೈಯರು ಬೇಕು. ಆಳವಾದ ಮಂದ್ರ, ಚಿಕ್ಕ ಪೆಟ್ಟಿಗೆ, ವಿದ್ಯುತ್ತಿನ ಮಿತವ್ಯಯ, ಈ ಮೂರರಲ್ಲಿ ಎರಡನ್ನು ಪಡೆಯಬಹುದು, ಮೂರನೆಯದನ್ನು ಬಿಡಬೇಕು. ಅಂಗೈಯಲ್ಲಿ ಹಿಡಿಯಬಹುದಾದ ಇಂದಿನ ಸ್ಪೀಕರಿಗೂ ಈ ನಿಯಮದಿಂದ ಬಿಡುಗಡೆಯಿಲ್ಲ. ಅವುಗಳಲ್ಲಿ ಹಲವು, ಧ್ವನಿಯನ್ನು ಏರಿಸಿದಾಗ ಶಂಕುವನ್ನು ಕಾಪಾಡುವುದಕ್ಕಾಗಿ ಮಂದ್ರವನ್ನು ತಾವಾಗಿಯೇ ತಗ್ಗಿಸಿಬಿಡುತ್ತವೆ. ಕೊಳ್ಳುವವರು ವಾಟುಗಳ ಸಂಖ್ಯೆಯನ್ನು ನಂಬದೆ, ತಮಗೆ ಚೆನ್ನಾಗಿ ಪರಿಚಿತವಾದ ಒಂದು ಮುದ್ರಣವನ್ನು ತಗ್ಗಿಸಿಯೂ ಏರಿಸಿಯೂ ಕೇಳಿ ನಿರ್ಣಯಿಸುವುದು ಲೇಸು.

ಸ್ಪೀಕರಿಗೆ ತನ್ನದೇ ಆದ ಕಂಠ ಇರಬಾರದೆಂಬುದು ವಿಲ್ಚರರ ಮತ. ಎ.ಆರ್.-3 ಎಂಬ ಅವರ ಮುಂದಿನ ಸ್ಪೀಕರನ್ನು ಸಭೆಯಲ್ಲಿಯೇ ಪರೀಕ್ಷೆಗೆ ಒಡ್ಡಲಾಯಿತು. ಫೈನ್ ಆರ್ಟ್ಸ್ ಕ್ವಾರ್ಟೆಟ್ ಎಂಬ ತಂತಿವಾದ್ಯದ ತಂಡ ನುಡಿಸುತ್ತಿದ್ದಂತೆ ನಡುವೆ ಕಮಾನುಗಳು ತಂತಿಯನ್ನು ಮುಟ್ಟದೆ ಆಡುತ್ತಿದ್ದವು. ಆಗ ಕೇಳುತ್ತಿದ್ದುದು ಮುದ್ರಿಕೆ. ಬದಲಾವಣೆ ಎಲ್ಲಿ ಆಯಿತೆಂದು ಕೇಳುಗರಲ್ಲಿ ಅನೇಕರಿಗೆ ತಿಳಿಯಲಿಲ್ಲ.

ಮುಂದೆ ವಿಲ್ಚರ್ ಕಿವುಡುತನದ ಸಮಸ್ಯೆಯತ್ತ ತಿರುಗಿದರು. ಕಿವಿ ಮಂದವಾದ ಅನೇಕರಿಗೆ ಮೆಲುದನಿ ಕೇಳಿಸದು, ಜೋರುದನಿ ಮಾತ್ರ ನೋವುಂಟುಮಾಡುತ್ತದೆ. ಎಲ್ಲವನ್ನೂ ಸಮನಾಗಿ ಹೆಚ್ಚಿಸುವ ಯಂತ್ರ ಅವರಿಗೆ ಉಪಕಾರಕ್ಕಿಂತ ಉಪದ್ರವವೇ ಹೆಚ್ಚು. ನಾದವನ್ನು ಮಂದ್ರ ತಾರಗಳೆಂದು ವಿಭಾಗಿಸಿ, ಪ್ರತಿಯೊಂದರಲ್ಲಿಯೂ ಮೆಲ್ಲನೆಯದನ್ನು ಹೆಚ್ಚಾಗಿಯೂ ಜೋರಾದುದನ್ನು ಕಡಿಮೆಯಾಗಿಯೂ ಎತ್ತಿಕೊಡುವ ಕ್ರಮವನ್ನು ಅವರು 1973ರಲ್ಲಿ ಪ್ರಕಟಿಸಿದರು. ಅದಕ್ಕೆ ಪೇಟೆಂಟು ಪಡೆಯಲಿಲ್ಲ. ಇಂದಿನ ಶ್ರವಣಯಂತ್ರಗಳಲ್ಲಿ ಈ ತತ್ತ್ವ ವ್ಯಾಪಕವಾಗಿ ಬಳಕೆಯಲ್ಲಿದೆ. ವಿಲ್ಚರ್ 2011ರಲ್ಲಿ ತೀರಿಕೊಂಡರು.

ಸಂಗೀತರಸಿಕನಿಗೆ ಮೃದಂಗದ ಗುಂಕಾರ, ಕಿವಿ ಮಂದವಾದ ಮುದುಕಿಗೆ ಮೊಮ್ಮಗುವಿನ ಮೆಲುಮಾತು. ಇರುವುದನ್ನು ಇರುವಂತೆ ಕಿವಿಗೆ ಮುಟ್ಟಿಸಿ, ತಾನು ಮರೆಯಲ್ಲಿ ನಿಲ್ಲುವ ಯಂತ್ರವೇ ಒಳ್ಳೆಯ ಯಂತ್ರ.