ರಾತ್ರಿಯಿಡೀ ಚಾರ್ಜಿಗಿಟ್ಟರೆ ಬ್ಯಾಟರಿ ಕೆಡುತ್ತದೆಯೇ?

ಪ್ರಶ್ನೆ: ಫೋನನ್ನು ರಾತ್ರಿಯಿಡೀ ಚಾರ್ಜಿಗೆ ಹಾಕಿಡಬಹುದೇ? ಪೂರ್ತಿ ಖಾಲಿಯಾದ ಮೇಲೆಯೇ ಚಾರ್ಜ್ ಮಾಡಬೇಕೆನ್ನುವುದು ನಿಜವೇ?

ಉತ್ತರ: ಎರಡನೆಯದನ್ನು ಮರೆತುಬಿಡಿ. ಅದು ನಿಕ್ಕಲ್-ಕ್ಯಾಡ್ಮಿಯಂ ಬ್ಯಾಟರಿಗಳ ಕಾಲದ ಮಾತು. ಈಗಿನ ಲಿಥಿಯಂ-ಅಯಾನ್ ಬ್ಯಾಟರಿಗೆ ಪೂರ್ತಿ ಬರಿದಾಗುವುದೇ ಹಾನಿ. ಅರ್ಧರ್ಧ ಎರಡು ಸಲ ತುಂಬಿಸಿದರೂ ಲೆಕ್ಕಕ್ಕೆ ಒಂದೇ ಚಾರ್ಜ್ ಸುತ್ತು.

ರಾತ್ರಿಯ ವಿಚಾರಕ್ಕೆ ಬಂದರೆ, ಶೇ. 100 ಮುಟ್ಟಿದ ಮೇಲೆ ಫೋನೇ ಚಾರ್ಜಿಂಗ್ ನಿಲ್ಲಿಸುತ್ತದೆ. ತೊಂದರೆ ಇರುವುದು ತುಂಬಿದ ಸ್ಥಿತಿಯಲ್ಲೇ ಗಂಟೆಗಟ್ಟಲೆ ಉಳಿಯುವುದರಲ್ಲಿ. ಆಗ ಒಳಗಿನ ವೋಲ್ಟೇಜ್ 4.2 ವೋಲ್ಟ್ ಅಥವಾ ಅದಕ್ಕೂ ತುಸು ಮೇಲಿರುತ್ತದೆ; ಎಲೆಕ್ಟ್ರೋಲೈಟ್ ನಿಧಾನವಾಗಿ ಕೆಡುತ್ತ, ಓಡಾಡಬೇಕಾದ ಲಿಥಿಯಂ ಅಲ್ಲಲ್ಲೇ ಸಿಕ್ಕಿಕೊಳ್ಳುತ್ತದೆ. ಬಿಸಿ ಸೇರಿದರಂತೂ ಇದೆಲ್ಲ ಇನ್ನೂ ಬೇಗ. ಹಾಗಾಗಿ ನನ್ನ ಮಟ್ಟಿಗೆ ನಿಜವಾದ ಶತ್ರು ರಾತ್ರಿಯ ಚಾರ್ಜಲ್ಲ, ಬಿಸಿ. ಏಪ್ರಿಲ್ ಬಿಸಿಲಲ್ಲಿ ಬೈಕಿನ ಹ್ಯಾಂಡಲಿಗೆ ಸಿಕ್ಕಿಸಿ, ಮ್ಯಾಪ್ ಓಡಿಸುತ್ತಲೇ ಚಾರ್ಜ್ ಮಾಡುವವರನ್ನು ಕಂಡರೆ ಸಂಕಟವಾಗುತ್ತದೆ. ದಿಂಬಿನಡಿ ಇಡುವುದಂತೂ ಬೇಡವೇ ಬೇಡ.

ಈಗ ಬಹಳಷ್ಟು ಫೋನುಗಳಲ್ಲಿ 80ಕ್ಕೆ ನಿಲ್ಲಿಸುವ ಸೆಟ್ಟಿಂಗ್ ಇದೆ, ಹಾಕಿಕೊಳ್ಳಿ. ದೂರದ ಪ್ರಯಾಣವಿದ್ದ ದಿನ 100ರವರೆಗೆ ತುಂಬಿಸಿದರೆ ಏನೂ ಆಗದು. ಫೋನಿನ ಹಿಂಬದಿ ಉಬ್ಬಿದಂತೆ ಕಂಡರೆ ಮಾತ್ರ ಚಾರ್ಜಿಗೆ ಹಾಕದೆ ರಿಪೇರಿಯವರಿಗೆ ತೋರಿಸಿ.