ಕೃಷ್ಣರಾಜಪುರದ ಮಂಗಳವಾರದ ಸಂತೆ

ಬೆಂಗಳೂರಿನ ಕಗ್ಗದಾಸಪುರದಿಂದ ಈಶಾನ್ಯಕ್ಕೆ ಕೆಲವೇ ಮೈಲಿಗಳ ಅಂತರದಲ್ಲಿ, ಹಳೆಯ ಮದರಾಸು ರಸ್ತೆಯನ್ನು ಆಶ್ರಯಿಸಿ ಬೆಳೆದ ಕೃಷ್ಣರಾಜಪುರವನ್ನು ಇಂದಿನವರು ರೈಲುನಿಲ್ದಾಣದಿಂದಲೂ, 2003ರಲ್ಲಿ ಸಂಚಾರಕ್ಕೆ ತೆರೆದ ತೂಗುಸೇತುವೆಯಿಂದಲೂ ಗುರುತಿಸುವರಾದರೂ, ಸುತ್ತಣ ಹಳ್ಳಿಗಳ ಹಿರಿಯರಿಗೆ ಅದು ಮೊದಲಾಗಿ ಮಂಗಳವಾರದ ಸಂತೆಯ ಊರು.

ಸಂತೆಯು ಗೋಡೆಗಳಿಗಿಂತ ವಾರವನ್ನು ನೆಚ್ಚಿದ ಸಂಸ್ಥೆ. ಶಿವಾಜಿನಗರದ ರಸೆಲ್ ಮಾರುಕಟ್ಟೆಗೆ 1927ರ ಭವ್ಯವಾದ ಕಟ್ಟಡವುಂಟು. ಅಲ್ಲಿ ವ್ಯಾಪಾರ ನಿತ್ಯದ್ದು. ಇಲ್ಲಿಯಾದರೋ ನೆಲದ ಮೇಲೊಂದು ಟಾರ್ಪಾಲು, ಅದರ ಮೇಲೊಂದು ತಕ್ಕಡಿ, ಇಷ್ಟರಿಂದಲೇ ಪೇಟೆಯೊಂದು ಎದ್ದುನಿಂತು ಕತ್ತಲಾಗುವುದರೊಳಗೆ ಕರಗಿಹೋಗುವುದು.

ಸಂತೆಯನ್ನು ನೆಲೆಗೊಳಿಸಿದುದೂ, ಅದರ ಸುಂಕವನ್ನು ದೇವಾಲಯಕ್ಕೆ ಬಿಟ್ಟುದೂ, ಪಟ್ಟಣಸ್ವಾಮಿಗಳೆಂಬ ವರ್ತಕಪ್ರಮುಖರ ಹಿರಿಮೆಯೂ ಕನ್ನಡ ಶಾಸನಗಳಲ್ಲಿ ಉಕ್ತವಾಗಿವೆ. ಇಂಗ್ಲೆಂಡಿನಲ್ಲಿಯೂ ಅರಸರು ಸನ್ನದು ಕೊಟ್ಟು ಊರುಗಳಿಗೆ ಸಂತೆಯ ವಾರವನ್ನು ಗೊತ್ತುಮಾಡುತ್ತಿದ್ದರು. 13ನೆಯ ಶತಮಾನದ ನ್ಯಾಯವೇತ್ತನಾದ ಬ್ರ್ಯಾಕ್ಟನ್, ದಿನದ ನಡಿಗೆಯನ್ನು 20 ಮೈಲಿಯೆಂದೆಣಿಸಿ, ಅದರಲ್ಲೊಂದು ಪಾಲು ಹೋಗುವುದಕ್ಕೆ, ಒಂದು ಪಾಲು ಕೊಳುಕೊಡೆಗೆ, ಇನ್ನೊಂದು ಪಾಲು ಬೆಳಕಿರುವಾಗಲೇ ಮನೆ ಸೇರುವುದಕ್ಕೆ ಎಂದು ವಿಭಾಗಿಸಿ, ಹಳೆಯ ಸಂತೆಯಿಂದ 6⅔ ಮೈಲಿಯೊಳಗೆ ಹೊಸದನ್ನು ಹೂಡಬಾರದೆಂದು ವಿಧಿಸಿದನು. ಸಂತೆಗೆ ಬರುವವರ ಕಾಲಿನ ಆಯಾಸವನ್ನೂ ದಾರಿಯ ಭಯವನ್ನೂ ಅಳತೆಗೆ ತಂದ ಈ ಲೆಕ್ಕಾಚಾರ ನನಗೆ ಬಹಳ ಮೆಚ್ಚಿಕೆಯಾದುದು. ನೆರೆಯೂರುಗಳ ಸಂತೆಗಳನ್ನು ಬೇರೆಬೇರೆ ವಾರಗಳಿಗೆ ಹಂಚಿ, ಒಬ್ಬನೇ ವರ್ತಕನು ಎಲ್ಲಕ್ಕೂ ಸುತ್ತಿಬರುವಂತೆ ಮಾಡಿದ ನಮ್ಮವರ ವಿವೇಕವೂ ಅದಕ್ಕೆ ಕಡಮೆಯದಲ್ಲ.

ಕೃಷ್ಣರಾಜಪುರದ ಸಂತೆಯನ್ನು ನೋಡಲು ಹೋಗುವವರು ಸೊಪ್ಪಿನ ಸಾಲಿನಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಟೊಮೇಟೊ ಗುಡ್ಡೆಯ ಬುಡದಿಂದಲೇ ಹಣ್ಣೊಂದನ್ನು ಹೆಕ್ಕಿ, ಮೇಲಿನದರಷ್ಟೇ ಗಟ್ಟಿಯೆಂದು ತೋರಿಸುವ ತಾಯಿಯು, ತೂಕ ಮುಗಿದ ಮೇಲೆ "ಒಂಚೂರು ಕೊಸರು ಹಾಕಮ್ಮಾ" ಎಂದವರಿಗೆ "ಗಿಟ್ಟೋದಿಲ್ಲ ಕಣಣ್ಣ" ಎನ್ನುತ್ತಲೇ ಎರಡು ಎಸಳು ಕರಿಬೇವನ್ನು ಚೀಲಕ್ಕೆ ಸೇರಿಸುವಳು. ಪಕ್ಕದವಳೊಡನೆ ತೆಲುಗು, ಎದುರಿನ ಗಿರಾಕಿಯೊಡನೆ ತಮಿಳು, ನಮ್ಮೊಡನೆ ಕನ್ನಡ. ಚೌಕಾಸಿ ಮಾತ್ರ ಎಲ್ಲದರಲ್ಲಿಯೂ ಒಂದೇ.

ಸಂತೆಯ ದಿನ ವಾಹನಗಳಿಗೆ ಅಡ್ಡಿಯಾಗುವುದೆಂಬ ದೂರು ಸುಳ್ಳಲ್ಲ. ಆದರೆ ಅದಕ್ಕೆ ಪರಿಹಾರ ಸಂತೆಯನ್ನು ಎತ್ತಿಸುವುದಾಗಿರದೆ, ಅಗಲವಾದ ಜಾಗವನ್ನೂ, ಕುಡಿಯುವ ನೀರನ್ನೂ, ನಸುಕಿನಿಂದ ಕುಳಿತಿರುವ ಹೆಂಗಸರಿಗೆ ಶುಚಿಯಾದ ಶೌಚಾಲಯವನ್ನೂ ಒದಗಿಸುವುದಾಗಿರಲಿ; ಇಷ್ಟನ್ನು ಬೇಡುವ ಹಕ್ಕು ಈ ನಗರಕ್ಕೆ ಉಣ್ಣಿಸುತ್ತ ಬಂದವರಿಗೆ ಉಂಟು.