ಮುಂದಿನ ಋತುವಿನ ಮೊದಲ ಐವರು: ಕಾಲೇಜು ಬಾಸ್ಕೆಟ್‌ಬಾಲ್‌ನ ಸಂಭವನೀಯತಾ ಗಣಿತ

ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲ್‌ನಲ್ಲಿ ರಾಷ್ಟ್ರೀಯ ಪಂದ್ಯಾವಳಿ ಏಪ್ರಿಲ್ ಆರಂಭದಲ್ಲಿ ಮುಗಿದು, ಹೊಸ ಋತು ನವೆಂಬರಿನಲ್ಲಿ ಶುರುವಾಗುತ್ತದೆ. ಈ ನಡುವಣ ತಿಂಗಳುಗಳಲ್ಲಿ ಅಭಿಮಾನಿಗಳನ್ನೂ ವಿಶ್ಲೇಷಕರನ್ನೂ ಸಮಾನವಾಗಿ ಕಾಡುವ ಪ್ರಶ್ನೆಯೆಂದರೆ, ಮೊದಲ ಪಂದ್ಯದ ಆರಂಭದಲ್ಲಿ ಅಂಕಣಕ್ಕಿಳಿಯುವ ಐವರು ಯಾರು ಎಂಬುದು. ಹದಿಮೂರು ಆಟಗಾರರಿರುವ ತಂಡದಿಂದ ಐವರನ್ನು 1,287 ಬಗೆಗಳಲ್ಲಿ ಆರಿಸಬಹುದು. ಆಟಗಾರರು ಹದಿನೈದಾದರೆ ಆ ಸಂಖ್ಯೆ 3,003ಕ್ಕೆ ಏರುತ್ತದೆ. ಆದ್ದರಿಂದ ಈ ಊಹೆಯನ್ನು ಒಂದೇ ಪ್ರಶ್ನೆಯಾಗಿ ನೋಡದೆ, ತಂಡದಲ್ಲಿ ಯಾರು ಉಳಿಯುತ್ತಾರೆ, ಉಳಿದವರ ಸಾಮರ್ಥ್ಯ ಎಷ್ಟು, ಯಾರ ಆಟ ಯಾರ ಆಟದೊಂದಿಗೆ ಹೊಂದುತ್ತದೆ ಎಂಬ ಮೂರು ಪ್ರಶ್ನೆಗಳಾಗಿ ಬಿಡಿಸಿಕೊಳ್ಳುವುದು ಸೂಕ್ತ.

ಇವುಗಳಲ್ಲಿ ಮೊದಲನೆಯದೇ ಇಂದು ಅತ್ಯಂತ ಕಠಿಣವಾದದ್ದು. ಪ್ರೌಢಶಾಲೆ ಮುಗಿಸಿ ಒಂದು ವರ್ಷ ಕಳೆಯದ ಅಥವಾ ಆಯ್ಕೆಯ ವರ್ಷದೊಳಗೆ ಹತ್ತೊಂಬತ್ತು ತುಂಬದ ಅಮೆರಿಕದ ಆಟಗಾರರು ವೃತ್ತಿಪರ ಎನ್‌ಬಿಎ ಆಯ್ಕೆಗೆ ಅರ್ಹರಲ್ಲ ಎಂಬ ನಿಯಮ 2006ರ ಆಯ್ಕೆಯಿಂದ ಜಾರಿಗೆ ಬಂದಿತು. ಅದರ ಫಲವಾಗಿ ಅತ್ಯುತ್ತಮ ಪ್ರತಿಭೆಗಳು ಒಂದೇ ವರ್ಷ ಕಾಲೇಜಿನಲ್ಲಿ ಆಡಿ ಹೊರಟುಹೋಗುವುದು ರೂಢಿಯಾಯಿತು. 2012ರಲ್ಲಿ ರಾಷ್ಟ್ರೀಯ ಚಾಂಪಿಯನ್ ಆದ ಕೆಂಟಕಿ ವಿಶ್ವವಿದ್ಯಾಲಯ ತಂಡದ ಆರಂಭಿಕ ಐವರೂ ಆ ವರ್ಷವೇ ಎನ್‌ಬಿಎಗೆ ಸೇರಿದರು, ಮತ್ತು ಹೊಸಬರಿಂದ ಕಟ್ಟಿದ ಮುಂದಿನ ತಂಡ ರಾಷ್ಟ್ರೀಯ ಪಂದ್ಯಾವಳಿಗೆ ಅರ್ಹತೆಯನ್ನೇ ಪಡೆಯಲಿಲ್ಲ. ಕಾಲೇಜು ಬದಲಿಸಲು ಬಯಸುವ ಆಟಗಾರರು ಹೆಸರು ನೋಂದಾಯಿಸುವ ‘ಟ್ರಾನ್ಸ್‌ಫರ್ ಪೋರ್ಟಲ್’ ಎಂಬ ವ್ಯವಸ್ಥೆ 2018ರಲ್ಲಿ ಆರಂಭವಾಯಿತು. ವರ್ಗಾವಣೆಗೊಂಡವರು ಒಂದು ವರ್ಷ ಆಡದೆ ಕಾಯಬೇಕೆಂಬ ಕಟ್ಟುಪಾಡನ್ನು 2021ರಲ್ಲಿ ಮೊದಲ ವರ್ಗಾವಣೆಯ ಮಟ್ಟಿಗೆ ಸಡಿಲಿಸಲಾಯಿತು. 2024ರಲ್ಲಿ, ಓದಿನ ಅರ್ಹತೆ ಉಳಿಸಿಕೊಂಡವರಿಗೆ ಎಷ್ಟು ಸಲ ಬೇಕಾದರೂ ವರ್ಗಾವಣೆಗೊಂಡು ಕೂಡಲೇ ಆಡುವ ಅವಕಾಶ ದೊರೆಯಿತು.

ಈ ಬದಲಾವಣೆಯ ಪರಿಣಾಮವನ್ನು ಅದೇ ಕೆಂಟಕಿ 2024ರಲ್ಲಿ ತೋರಿಸಿಕೊಟ್ಟಿತು. ತರಬೇತುದಾರ ಜಾನ್ ಕ್ಯಾಲಿಪಾರಿ ಅರ್ಕನ್ಸಾಗೆ ಹೋಗಿ ಮಾರ್ಕ್ ಪೋಪ್ ಬಂದಾಗ, ಕ್ರೀಡಾ ವಿದ್ಯಾರ್ಥಿವೇತನದ ಹಳೆಯ ಆಟಗಾರರಲ್ಲಿ ಒಬ್ಬರೂ ಉಳಿಯಲಿಲ್ಲ. ಪೋಪ್ ಬೇರೆ ಬೇರೆ ಕಾಲೇಜುಗಳಿಂದ ಅನುಭವಿಗಳನ್ನು ಕರೆತಂದರು. ಅವರಲ್ಲಿ ಜಾಕ್ಸನ್ ರಾಬಿನ್ಸನ್ ಹಿಂದೆ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದಲ್ಲಿ ಪೋಪ್ ಅವರ ಕೈಕೆಳಗೇ ಆಡಿದವರು. ಇಂಥ ತಂಡದ ವಿಷಯದಲ್ಲಿ ಕಳೆದ ಋತುವಿನ ಪಟ್ಟಿ ಯಾವ ಸುಳಿವನ್ನೂ ಕೊಡದಿದ್ದರೂ, ತರಬೇತುದಾರರ ಪದ್ಧತಿಯನ್ನು ಬಲ್ಲ ಆಟಗಾರ ಯಾರು ಎಂಬ ಮಾಹಿತಿ ಬೆಲೆಯುಳ್ಳ ಆಧಾರವಾಗುತ್ತದೆ.

ಎರಡನೆಯ ಪ್ರಶ್ನೆಯಾದ ಸಾಮರ್ಥ್ಯವನ್ನು ಅಳೆಯುವಾಗ ಕಡಿಮೆ ದತ್ತಾಂಶವೇ ದೊಡ್ಡ ತೊಡಕು. ಒಬ್ಬ ಆಟಗಾರ ಋತುವಿಡೀ ಮೂರು ಅಂಕದ ನೂರು ಎಸೆತಗಳನ್ನು ಪ್ರಯತ್ನಿಸಿ 42ರಲ್ಲಿ ಯಶಸ್ವಿಯಾದನೆಂದುಕೊಳ್ಳೋಣ. ಕೇವಲ ಆಕಸ್ಮಿಕದಿಂದ ಉಂಟಾಗುವ ಏರಿಳಿತದ ಅಳತೆಯಾದ ‘ಪ್ರಮಾಣ ದೋಷ’ ಇಲ್ಲಿ ಸುಮಾರು ಶೇ 5ರಷ್ಟಿರುವುದರಿಂದ, ಅದರ ಎರಡು ಪಟ್ಟನ್ನು ಎರಡೂ ಕಡೆಗೆ ಲೆಕ್ಕ ಹಾಕಿದರೆ, ಅವನ ನಿಜವಾದ ಸಾಮರ್ಥ್ಯ ಶೇ 32ರಿಂದ 52ರ ನಡುವೆ ಎಲ್ಲಿಯಾದರೂ ಇರಬಹುದು. ಉನ್ನತ ಶ್ರೇಣಿಯ ಕಾಲೇಜು ಆಟಗಾರರ ಸರಾಸರಿ ಸುಮಾರು ಶೇ 34 ಆದಕಾರಣ, ವಿವೇಕಿಯಾದ ವಿಶ್ಲೇಷಕರು ಮುಂದಿನ ವರ್ಷದ ಅಂದಾಜನ್ನು ಆ ಸರಾಸರಿಯ ಕಡೆಗೆ ಇಳಿಸುತ್ತಾರೆ. ಎಸೆತಗಳು ಕಡಿಮೆಯಿದ್ದಷ್ಟೂ ಹೆಚ್ಚು ಇಳಿಸುತ್ತಾರೆ. ಅಸಾಧಾರಣ ಫಲಿತಾಂಶದ ನಂತರದ ಫಲಿತಾಂಶ ಸಾಮಾನ್ಯವಾಗಿ ಸರಾಸರಿಗೆ ಹತ್ತಿರವಾಗುವ ಈ ಪ್ರವೃತ್ತಿಯನ್ನು ಸಂಖ್ಯಾಶಾಸ್ತ್ರ ‘ಸರಾಸರಿಯೆಡೆಗಿನ ಹಿಂಚಲನೆ’ ಎನ್ನುತ್ತದೆ.

ಮೂರನೆಯದಾಗಿ, ಅತ್ಯುತ್ತಮರಾದ ಐವರು ಸೇರಿದರೆ ಅತ್ಯುತ್ತಮ ಐವರ ಗುಂಪಾಗಬೇಕೆಂದಿಲ್ಲ. ಚೆಂಡು ಒಂದೇ ಆದುದರಿಂದ, ಹಳೆಯ ತಂಡಗಳಲ್ಲಿ ದಾಳಿಯ ಬಹುಪಾಲು ಹೊಣೆ ಹೊತ್ತಿದ್ದ ಮೂವರು ಒಂದೇ ಕಡೆ ಸೇರಿದಾಗ ಪ್ರತಿಯೊಬ್ಬರ ಪಾಲೂ ಕುಗ್ಗಲೇಬೇಕು. ಆಟವನ್ನು ಸಂಯೋಜಿಸುವ ಪಾಯಿಂಟ್ ಗಾರ್ಡ್ ಹಾಗೂ ಬುಟ್ಟಿಯ ಬಳಿ ಕಾವಲು ನಿಲ್ಲುವ ಸೆಂಟರ್ ಇಲ್ಲದ ಗುಂಪು ಅಂಕಿಅಂಶಗಳಲ್ಲಿ ಎಷ್ಟೇ ಬಲವಾಗಿ ಕಂಡರೂ ತರಬೇತುದಾರರು ಅದನ್ನು ಆರಿಸುವುದು ವಿರಳ.

ಈ ಮೂರನ್ನೂ ಜೋಡಿಸುವುದು ಷರತ್ತುಬದ್ಧ ಸಂಭವನೀಯತೆ, ಅಂದರೆ ಒಂದು ಘಟನೆ ನಡೆದರೆ ಇನ್ನೊಂದು ನಡೆಯುವ ಸಾಧ್ಯತೆ. ಉದಾಹರಣೆಗೆ, ಹಿರಿಯ ಸೆಂಟರ್ ಆಟಗಾರ ಉಳಿಯುವ ಸಾಧ್ಯತೆ 0.6, ಅವನು ಉಳಿದರೆ ಕಿರಿಯನಿಗೆ ಸ್ಥಾನ ಸಿಗುವ ಸಾಧ್ಯತೆ 0.1, ಹೊರಟರೆ 0.7 ಎಂದಾದರೆ, ಕಿರಿಯನ ಒಟ್ಟು ಸಾಧ್ಯತೆ 0.06 ಮತ್ತು 0.28 ಸೇರಿ 0.34 ಆಗುತ್ತದೆ. ಹಿರಿಯನ ನಿರ್ಧಾರ ತಿಳಿದೊಡನೆ ಆ ಸಂಖ್ಯೆ 0.1ಕ್ಕೆ ಕುಸಿಯುತ್ತದೆ ಅಥವಾ 0.7ಕ್ಕೆ ಜಿಗಿಯುತ್ತದೆ. ಐದು ಸ್ಥಾನಗಳ ಊಹೆಗಳೂ ತಲಾ 0.8ರಷ್ಟು ಖಚಿತವಾಗಿದ್ದು, ಒಂದಕ್ಕೊಂದು ಸಂಬಂಧವಿಲ್ಲವೆಂದು ಭಾವಿಸಿದರೂ, ಐದೂ ಸರಿಯಾಗುವ ಸಾಧ್ಯತೆ 0.33 ಮಾತ್ರ.

ಹಾಗಾದರೆ ಒಳ್ಳೆಯ ಊಹೆಯನ್ನು ಗುರುತಿಸುವುದು ಹೇಗೆ? ಹವಾಮಾನ ಮುನ್ಸೂಚನೆಗಳನ್ನು ಪರೀಕ್ಷಿಸಲು ಗ್ಲೆನ್ ಬ್ರೈಯರ್ 1950ರಲ್ಲಿ ಸೂಚಿಸಿದ ಅಳತೆ ಇಲ್ಲಿಯೂ ಉಪಯುಕ್ತ. ಹೇಳಿದ ಸಾಧ್ಯತೆಗೂ ನಡೆದ ಸಂಗತಿಗೂ ಇರುವ ವ್ಯತ್ಯಾಸದ ವರ್ಗವೇ ಆ ಅಳತೆಯ ಮೂಲ: ಒಬ್ಬನಿಗೆ 0.8 ಎಂದು ಹೇಳಿ ಅವನು ಅಂಕಣಕ್ಕಿಳಿದರೆ ದಂಡ 0.04, ಇಳಿಯದಿದ್ದರೆ 0.64. ಈ ಅಳತೆ ಅತಿಯಾದ ಆತ್ಮವಿಶ್ವಾಸವನ್ನು ಕಠಿಣವಾಗಿ ದಂಡಿಸುವುದರಿಂದ, ದೀರ್ಘಕಾಲದಲ್ಲಿ ಗೆಲ್ಲುವವರು ತಮಗೆ ತಿಳಿದಿರುವುದರ ಮಿತಿಯನ್ನು ಸಂಖ್ಯೆಯಲ್ಲಿ ಪ್ರಾಮಾಣಿಕವಾಗಿ ಹೇಳಿ, ಹೊಸ ಮಾಹಿತಿ ಬಂದಂತೆ ಅದನ್ನು ತಿದ್ದಿಕೊಳ್ಳುವವರೇ ಹೊರತು ಐದು ಹೆಸರುಗಳನ್ನು ಗಟ್ಟಿ ದನಿಯಲ್ಲಿ ಘೋಷಿಸುವವರಲ್ಲ.